ಅರ್ಧ ಸಿಗಾರಿಗೆ ಕಟ್ಟಿದ ನೂಲು

ಸಂಗಮೇಶ ಸುಂದರಿಯಮ್ಮನನ್ನು ಮೊದಲು ನೋಡಿದ್ದು 2009ರ ಜೂನ್ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಹತ್ತೂವರೆಗೆ. ಹೊತ್ತು ಇಷ್ಟು ಸ್ಪಷ್ಟವಾಗಿ ನೆನಪಿರಲು ಕಾರಣವಿದೆ. ಹನ್ನೊಂದಕ್ಕೆ ಬಾ ಎಂದು ಅವರ ಮಗ ಲತೀಶ್ ಹೇಳಿದ್ದ. ಸಂಗಮೇಶನಿದ್ದ ಠಾಣೆ ಜಿಲ್ಲೆಯ ಘಣಸೋಲಿಯಿಂದ ಕೋಪರಖೈರಣೆಗೆ ರೈಲಿನಲ್ಲಿ ಒಂದೇ ಸ್ಟೇಷನ್. ಆದರೂ ತಡವಾದೀತೆಂದು ಹೆದರಿ ಒಂಬತ್ತಕ್ಕೇ ಹೊರಟವನು, ಸೆಕ್ಟರಿನ ಸಾಲುಮನೆಗಳ ಮುಂದೆ ಮೂರು ಸುತ್ತು ಹಾಕಿ, ಇನ್ನು ತಿರುಗಿದರೆ ವಾಚ್‌ಮನ್ ಕೇಳಿಯೇ ಬಿಡುತ್ತಾನೆ ಎನಿಸಿದಾಗ ಆ ಮನೆಯ ಮುಂದೆ ಬಂದು ನಿಂತ.

ಬಾಗಿಲು ತೆರೆದೇ ಇತ್ತು. ಅರುವತ್ತರ ಹತ್ತಿರದ ಹೆಂಗಸೊಬ್ಬರು ನೆಲದ ಮೇಲೆ ಕಾಲು ಚಾಚಿ ಕೂತು ತೊಡೆಯ ಮೇಲೆ ಹಳೆಯ ಗೆರಸೆ ಇಟ್ಟುಕೊಂಡಿದ್ದರು. ಅದರಲ್ಲಿ ಅಕ್ಕಿ ಇರಲಿಲ್ಲ, ನಾಲ್ಕು ಸಿಗಾರುಗಳಿದ್ದವು. ಅವರು ಒಂದೊಂದಾಗಿ ಎತ್ತಿ, ಕಂಪನಿಯ ಹೆಸರಿದ್ದ ಬಣ್ಣದ ಕಾಗದದ ಪಟ್ಟಿಯನ್ನು ಉಗುರಿನಿಂದ ಬಿಡಿಸಿ, ಸೆರಗಿನ ಗಂಟಿಗೆ ಸೇರಿಸುತ್ತಿದ್ದರು. ಆಮೇಲೆ ಕತ್ತರಿ ತೆಗೆದುಕೊಂಡು ತುದಿ ಸವರಿ, ಸಿಗಾರನ್ನು ನಟ್ಟನಡುವೆ ಎರಡು ತುಂಡು ಮಾಡಿ, ಎಲೆ ಬಿಚ್ಚಿಕೊಳ್ಳದಂತೆ ಪ್ರತಿ ತುಂಡಿಗೂ ಬೇರೆ ಬೇರೆ ಬಣ್ಣದ ನೂಲು ಕಟ್ಟುತ್ತಿದ್ದರು. ಎರಡು ಸುತ್ತು, ಒಂದು ಎಳೆತ, ಗಂಟು. ಕೈ ಕೆಲಸದ ಮೇಲಿದ್ದರೆ ಕಣ್ಣು ಬಾಗಿಲಲ್ಲಿ ನಿಂತವನ ಮೇಲಿತ್ತು.

"ನೀನು ಸಂಗಮೇಶನಾ?"

"ಹೌದ್ರಿ ಅಮ್ಮಾರ."

"ಕೈ ತೊಳ್ಕೊಂಡು ಬಾ ಮಗಾ. ಸೋಪು ಹಾಕ್ಬೇಡ. ಸೋಪಿನ ವಾಸನೆ ಎಲೆಗೆ ಹಿಡಿತದೆ."

ಊರಿಂದ ಅವ್ವ ಕಳಿಸಿದ್ದ ಶೇಂಗಾ ಹೋಳಿಗೆಯ ಪೊಟ್ಟಣವನ್ನು ಅವನು ಸಂಕೋಚದಿಂದ ಮುಂದೆ ಚಾಚಿದ. ಅವರು ಮೂಸಿ ನೋಡಿ ಹಿಂದೆ ಇಟ್ಟರು. "ಇದು ಕಡೆಗೆ. ಈಗ ಸಿಹಿ ತಿಂದ್ರೆ ಇವತ್ತು ನೀನು ಬರೆಯುವುದೆಲ್ಲ ಸುಳ್ಳಾಗ್ತದೆ."

ಇಂಡಿ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಸಂಗಮೇಶ ತನ್ನ ಮನೆತನದಲ್ಲೇ ಮೊದಲು ಡಿಗ್ರಿ ಮುಗಿಸಿದವನು. ಮಹಾಪೆಯ ಸರಕು ಸಾಗಣೆಯ ಕಚೇರಿಯಲ್ಲಿ ಕಾಗದಪತ್ರ ನೋಡುವ ಕೆಲಸ. ಸುಂದರಿಯಮ್ಮನ ಮಗ ಲತೀಶ್ ಅಲ್ಲೇ ಅವನಿಗಿಂತ ಮೇಲಿನವನು. ಸಂಗಮೇಶನ ಅಕ್ಷರ ದುಂಡಗಿದ್ದುದರಿಂದಲೇ ಅವನಿಗೆ ಈ ಕರೆ ಬಂದದ್ದು. ತಿಂಗಳಿಗೊಮ್ಮೆ ನಾಲ್ಕು ಜನ ಕೂತು, ಹೆಸರು ಗೊತ್ತಿಲ್ಲದೆ ಸಿಗಾರು ಸೇದಿ, ಅದು ಯಾವ ದೇಶದ್ದು, ಹೇಗಿದೆ ಎಂದು ಹೇಳಬೇಕು. ಬರೆದುಕೊಂಡು ಬ್ಲಾಗಿಗೆ ಹಾಕಲು ಒಬ್ಬ ಬೇಕಾಗಿತ್ತು.

ಉಳಿದಿಬ್ಬರಲ್ಲಿ ಒಬ್ಬ ಅಕ್ಷಿತ್, ಸುಂದರಿಯಮ್ಮನ ತಂಗಿಯ ಮಗ. ಹುಟ್ಟಿದ್ದು ಡೊಂಬಿವಲಿಯಲ್ಲಿ, ಕನ್ನಡ ಕೇಳಿ ಹಿಂದಿಯಲ್ಲಿ ಉತ್ತರಿಸುವವನು. ಅವನ ಅಣ್ಣ ಪ್ರವಾಸಿ ಹಡಗಿನಲ್ಲಿ ಅಡುಗೆಯವನಾಗಿದ್ದ. ಬಂದರು ಬಂದರುಗಳಲ್ಲಿ ಅವನು ಕೊಂಡ ಸಿಗಾರುಗಳು ಪೊಟ್ಟಣ ಬಿಚ್ಚದೆ ನೇರ ಸುಂದರಿಯಮ್ಮನ ಕೈಗೆ ಬರುತ್ತಿದ್ದವು. ಇನ್ನೊಬ್ಬರು ಶಿವರಾಯರು. ಕಲಬುರಗಿ ಕಡೆಯವರು, ರೈಲ್ವೆ ಪಾರ್ಸೆಲ್ ಕಚೇರಿಯಿಂದ ನಿವೃತ್ತರಾಗಿ ಟಿಟ್ವಾಳಾದಲ್ಲಿ ಮನೆ ಮಾಡಿದ್ದರು. ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಅಷ್ಟು ದೂರದಿಂದ ಬರುತ್ತಿದ್ದುದು ಅರ್ಧ ಸಿಗಾರಿಗಾಗಿಯೋ ಸುಂದರಿಯಮ್ಮನ ನೀರುದೋಸೆಗಾಗಿಯೋ ಎಂದು ಅಕ್ಷಿತ್ ಕೆಣಕುತ್ತಿದ್ದ.

ಸಿಗಾರನ್ನು ತುಂಡು ಮಾಡುವುದು ಬಲ್ಲವರ ಕಣ್ಣಿಗೆ ಪಾಪವೇ. "ದೊಡ್ಡಮ್ಮ, ಯೇ ತೋ ಗುನಾಹ್ ಹೈ," ಎಂದು ಅಕ್ಷಿತ್ ಪ್ರತಿ ತಿಂಗಳೂ ತಲೆ ಚಚ್ಚಿಕೊಳ್ಳುತ್ತಿದ್ದ. ಆದರೆ ಅದು ಸುಂದರಿಯಮ್ಮನ ಷರತ್ತು. ಮಗ ಸೇದುವುದು ಅವರಿಗೆ ಬೇಡವಾಗಿತ್ತು. ಸೇದಿಯೇ ತೀರುತ್ತೇನೆಂದಾದರೆ ತಿಂಗಳಿಗೊಂದು ದಿನ, ತನ್ನ ಕಣ್ಣೆದುರಿಗೆ, ತಾನು ಕತ್ತರಿಸಿ ಕೊಟ್ಟ ಎರಡು ಅರ್ಧಗಳು. ಬೇರೆಲ್ಲೂ ಇಲ್ಲ. ಲತೀಶ್ ತಾಯಿಯ ತಲೆ ಮುಟ್ಟಿ ಮಾತು ಕೊಟ್ಟಿದ್ದ. ಯಾವ ಬಣ್ಣದ ನೂಲಿನಲ್ಲಿ ಯಾವ ದೇಶ ಅಡಗಿದೆ ಎಂಬುದು ಯಾವ ಕಾಗದದಲ್ಲೂ ಇರುತ್ತಿರಲಿಲ್ಲ, ಸುಂದರಿಯಮ್ಮನ ತಲೆಯಲ್ಲಿ ಮಾತ್ರ ಇರುತ್ತಿತ್ತು.

ಮೊದಲ ದಿನವೇ ಸಂಗಮೇಶ ಸಿಕ್ಕಿಬಿದ್ದ. ಟೆರೇಸಿನ ತಗಡಿನ ನೆರಳಲ್ಲಿ ಕೂತು, ಹಸಿರು ನೂಲಿನದಕ್ಕೆ 'ಸೀಡರ್ ಮರ, ಕೋಕೋ' ಎಂದೂ ಹಳದಿ ನೂಲಿನದಕ್ಕೆ 'ಹದ ಮಾಡಿದ ಚರ್ಮ, ಕಾಳುಮೆಣಸು' ಎಂದೂ ಬರೆದ. ಇಂಟರ್‌ನೆಟ್ಟಿನಲ್ಲಿ ಓದಿ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತುಗಳು ಅವು. ಎಲ್ಲರೂ ಹೇಳಿ ಮುಗಿದ ಮೇಲೆ ಸುಂದರಿಯಮ್ಮ ಸೆರಗಿನ ಗಂಟು ಬಿಚ್ಚಿದರು. ಹಸಿರೂ ಹಳದಿಯೂ ಒಂದೇ ಸಿಗಾರಿನ ಎರಡು ತುಂಡುಗಳು.

ಶಿವರಾಯರು ತೊಡೆ ತಟ್ಟಿ ನಕ್ಕರು. "ಒಂದ ಹೊಟ್ಟ್ಯಾಗ ಹುಟ್ಟಿದ ಅಣ್ಣತಮ್ಮರಿಗೆ ಬ್ಯಾರೆ ಬ್ಯಾರೆ ಕುಲ ಬರದೀಯಲ್ಲೋ ತಮ್ಮಾ!"

ಸಂಗಮೇಶನ ಮುಖ ಸಣ್ಣದಾಯಿತು. ನೀರು ಕುಡಿಯುವ ನೆವದಲ್ಲಿ ಕೆಳಗಿಳಿದು ಬಂದವನ ಹಿಂದೆಯೇ ಸುಂದರಿಯಮ್ಮ ಬಂದರು.

"ಸೀಡರ್ ಮರ ನೋಡಿದ್ದೀಯಾ ಮಗಾ?"

"ಇಲ್ರಿ."

"ಮತ್ತೆ ಯಾಕೆ ಬರ್ದದ್ದು? ಎರಡು ರುಚಿ ಹೇಳಿದ್ದು ತಪ್ಪಲ್ಲ. ಎಲೆಯ ತುದಿ ಒಂದು ಕಡೆ, ಬುಡ ಇನ್ನೊಂದು ಕಡೆ ಬರುವ ಹಾಗೆ ಸುತ್ತಿರ್ತಾರೆ. ಮೊದಲರ್ಧದ ರುಚಿ ಬೇರೆ, ಕಡೆಯರ್ಧದ್ದು ಬೇರೆ. ಆದ್ರೆ ನಿನಗೆ ಗೊತ್ತಿರುವ ವಾಸನೆಯ ಹೆಸರು ಬರಿ."

ಮುಂದಿನ ತಿಂಗಳಿಂದ ಅವನ ನೋಟ್‌ಬುಕ್ಕಿನಲ್ಲಿ 'ಸುಟ್ಟ ಜೋಳದ ದಂಟು', 'ಗಾಣದ ಹತ್ತಿರದ ಗಾಳಿ', 'ಮೊದಲ ಮಳೆ ಬಿದ್ದ ಎರೆಹೊಲ' ಎಂಬ ಮಾತುಗಳು ಬಂದವು. ಬ್ಲಾಗನ್ನು ಓದುತ್ತಿದ್ದವರು ಹೆಚ್ಚೆಂದರೆ ಮೂವತ್ತು ಜನ. ಆದರೆ ಅವರಲ್ಲಿ ಒಬ್ಬರು ದಾವಣಗೆರೆಯಿಂದ ಬರೆದು, ಎರೆಹೊಲದ ಮಾತು ಓದಿ ಊರು ನೆನಪಾಯಿತು ಎಂದಿದ್ದರು. ಸಂಗಮೇಶ ಅದನ್ನು ಸುಂದರಿಯಮ್ಮನಿಗೆ ಎರಡು ಸಲ ಓದಿ ಹೇಳಿದ.

ಅಂಕ ಕೊಡುವಾಗ ಒಂದು ಕಾಲಂ ಮಾತ್ರ ಅವರದೇ ಆಗಿತ್ತು: ಕಟ್ಟು. ಅವರು ಸೇದುತ್ತಿರಲಿಲ್ಲ. ತುಂಡನ್ನು ಹೆಬ್ಬೆರಳು ತೋರುಬೆರಳ ನಡುವೆ ಉರುಳಿಸಿ ಹೇಳಿಬಿಡುತ್ತಿದ್ದರು. "ಇದು ಅವಸರದಲ್ಲಿ ಸುತ್ತಿದ್ದು, ನಡುವಿನಲ್ಲಿ ಗಂಟು ಉಂಟು, ಹೊಗೆ ಬರುವುದಿಲ್ಲ." ಹೊಗೆ ಬರುತ್ತಿರಲಿಲ್ಲ. "ಇದನ್ನು ಸುತ್ತಿದವಳ ಕೈ ತಣ್ಣಗೆ ಉಂಟು." ಸುತ್ತಿದವರು ಹೆಂಗಸೆಂದು ಹೇಗೆ ಗೊತ್ತು ಎಂದರೆ, "ಗಂಡಸರು ಕೊನೆಗೆ ಅದುಮಿ ಬಿಡ್ತಾರೆ," ಎನ್ನುತ್ತಿದ್ದರು. ಬೆಳ್ತಂಗಡಿ ಕಡೆಯ ಹಳ್ಳಿಯಲ್ಲಿ ಅವರು ಇಪ್ಪತ್ತಾರು ವರ್ಷ ಬೀಡಿ ಕಟ್ಟಿದ್ದರು. ಆ ಗೆರಸೆ, ಆ ಕತ್ತರಿ ಎರಡೂ ಆಗಿನವೇ.

ಹೀಗೆ ಮೂರೂವರೆ ವರ್ಷ ನಡೆಯಿತು. 2012ರ ಡಿಸೆಂಬರಿನ ಮೊದಲ ಭಾನುವಾರವೂ ಎಂದಿನಂತೆಯೇ ಶುರುವಾಯಿತು. ಲತೀಶನಿಗೆ ಬಂದದ್ದು ಬಿಳಿ ನೂಲಿನ ತುಂಡು, ಸಿಗಾರಿನ ಮೊದಲರ್ಧ. ಅದೇ ಸಿಗಾರಿನ ಕಡೆಯರ್ಧಕ್ಕೆ ನೀಲಿ ನೂಲು ಕಟ್ಟಿ, ಬಿಳಿಯದರ ಕಡೆಯರ್ಧ ಇದು ಎಂದು ಹೇಳಿಯೇ ಶಿವರಾಯರಿಗೆ ಕೊಟ್ಟಿದ್ದರು. ಸುಂದರಿಯಮ್ಮ ಗೆರಸೆ ಇಟ್ಟುಕೊಂಡು ಮೆಟ್ಟಿಲ ಬಳಿ ಕೂತಿದ್ದರು. ಲತೀಶ್ ಎರಡೇ ಸಲ ಎಳೆದ. ಮುಖ ಅರಳಿತು.

"ಇದು ಈಕ್ವೆಡಾರಿಂದು. ಬರ್ಕೋ ಸಂಗಮೇಶ. ಈಗ ಹಾಲಿನ ಹಾಗೆ ಉಂಟು. ಅರ್ಧ ದಾಟಿದ ಮೇಲೆ ನೋಡು, ಲವಂಗದ ಖಾರ ಬರ್ತದೆ. ಗಂಟಲಿಗೇ ತಾಗ್ತದೆ."

"ಹೌದಲೇ," ಎಂದರು ಶಿವರಾಯರು ನೀಲಿ ನೂಲಿನ ತುಂಡನ್ನು ಬಾಯಿಂದ ತೆಗೆದು. "ನಂದ್ರಾಗ ಲವಂಗನ ಐತಿ. ಈ ಹುಡುಗ ಪಾಸ್ ಆದ ನೋಡ್ರಿ ಅಕ್ಕಾರ."

ದೇಶ ಸರಿ ಎಂದು ಸುಂದರಿಯಮ್ಮ ತಲೆಯಾಡಿಸಿದರು. ಅಕ್ಷಿತ್ ಸಿಳ್ಳೆ ಹಾಕಿದ. ದೇಶವನ್ನೂ ಸರಿ ಹೇಳಿ ರುಚಿಯನ್ನೂ ಸರಿ ಹೇಳಿದ್ದು ಇಷ್ಟು ವರ್ಷಗಳಲ್ಲಿ ಇದೇ ಮೊದಲು.

ಸಂಗಮೇಶ 'ಲವಂಗ' ಎಂದು ಬರೆದು ಪೆನ್ನು ನಿಲ್ಲಿಸಿದ. ಈಕ್ವೆಡಾರ್ ಎಂಬ ಹೆಸರು ಅವನ ನೋಟ್‌ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ, ಅದು ಅವನಿಗೆ ಖಚಿತವಾಗಿ ಗೊತ್ತಿತ್ತು. ಆ ಮನೆಯಲ್ಲಿ ಯಾರೂ ಇಡೀ ಸಿಗಾರು ಸೇದಿರಲಿಲ್ಲ. ಲತೀಶನ ಕೈಯಲ್ಲಿದ್ದದ್ದು ಮೊದಲರ್ಧ. ಅರ್ಧ ದಾಟಿದ ಮೇಲಿನ ಖಾರ ಅವನಿಗೆ ಹೇಗೆ ಗೊತ್ತು?

ಅವನು ತಲೆ ಎತ್ತಿದಾಗ ಸುಂದರಿಯಮ್ಮನ ಕೈ ಗೆರಸೆಯ ಮೇಲೆ ನಿಂತುಬಿಟ್ಟಿತ್ತು. ಆ ಕೈ ನಿಂತದ್ದನ್ನು ಅವನು ಅದುವರೆಗೆ ಕಂಡೇ ಇರಲಿಲ್ಲ.

"ಏಪ ಮಗಾ?" ಎಂದರು, ಮನೆಯ ತುಳುವಿನಲ್ಲಿ. ಯಾವಾಗ ಎಂದು ಕೇಳಿದ್ದೆಂದು ತುಳು ಬಾರದ ಸಂಗಮೇಶನಿಗೂ ಅರ್ಥವಾಯಿತು.

ಲತೀಶ್ ಸುಳ್ಳು ಹೇಳಬಹುದಿತ್ತು. ಯಾವುದೋ ಪುಸ್ತಕದಲ್ಲಿ ಓದಿದೆ ಎಂದರೂ ನಡೆಯುತ್ತಿತ್ತು. ಅವನು ಬಿಳಿ ನೂಲಿನ ತುಂಡನ್ನು ಬೂದಿಯ ಡಬ್ಬಿಗೆ ಒತ್ತಿದ. "ಹಡಗಿನ ಅಣ್ಣ ನನಗೆ ಬೇರೆಯಾಗಿ ಕೊಟ್ಟಿದ್ದ ಅಮ್ಮ. ಆಫೀಸಿನ ಹಿಂದೆ ಸೇದ್ತೇನೆ. ಅದು ಇಲ್ಲದ ದಿನ ಸಿಗರೇಟು."

"ದಿನಾ?"

ಅವನು ಹೌದೆಂದು ತಲೆಯಾಡಿಸಿದ.

ಸುಂದರಿಯಮ್ಮ ಬೈಯಲಿಲ್ಲ. ನೂಲಿನ ಉಂಡೆಗಳನ್ನು ಒಂದೊಂದಾಗಿ ತಗಡಿನ ಡಬ್ಬಿಗೆ ತುಂಬಿದರು. ಕೊನೆಗೆ ಕೈಯಲ್ಲಿ ಉಳಿದದ್ದು ಕೆಂಪು ಉಂಡೆ. ಇಷ್ಟು ವರ್ಷಗಳಲ್ಲಿ ಯಾವ ಸಿಗಾರಿಗೂ ಅವರು ಕೆಂಪು ನೂಲು ಕಟ್ಟಿರಲಿಲ್ಲ ಎಂಬುದು ಸಂಗಮೇಶನಿಗೆ ಆಗ ಹೊಳೆಯಿತು.

"ಕಂಪನಿಯ ಬೀಡಿಗೆ ನೀಲಿ ನೂಲು," ಎಂದರು, ಯಾರನ್ನೂ ನೋಡದೆ. "ಲತೀಶನ ಅಪ್ಪನಿಗೆ ಕೆಂಪು. ಇವರು ಠಾಣೆಯಲ್ಲಿ ಹೋಟೆಲ್ ಕೆಲಸದಲ್ಲಿದ್ರು. ನನಗೆ ಕಾಗದ ಬರೀಲಿಕ್ಕೆ ಸರಿಯಾಗಿ ಬರುದಿಲ್ಲ. ಊರಿಂದ ಬರುವವರ ಕೈಯಲ್ಲಿ ಕೆಂಪು ನೂಲಿನ ಬೀಡಿ ಕಳಿಸ್ತಿದ್ದೆ. ಒಳ್ಳೆಯ ಎಲೆ ಆರಿಸಿ ಕಟ್ಟಿದ್ದು. 'ನಿನ್ನ ಬೀಡಿ ಬಂತು, ಬೇರೆಯವರದ್ದು ಈಗ ಬಾಯಿಗೆ ಹಿಡಿಯುದಿಲ್ಲ' ಅಂತ ಬರೀತಿದ್ರು. ನನಗೆ ಎಷ್ಟು ಖುಷಿ." ಕೆಂಪು ಉಂಡೆಯನ್ನೂ ಡಬ್ಬಿಗೆ ಹಾಕಿದರು. "ಎದೆಯಲ್ಲಿ ಕಫ ತುಂಬಿ ಸತ್ತಾಗ ಪ್ರಾಯ ನಲ್ವತ್ತೇಳು. ದಿಂಬಿನ ಅಡಿಯಲ್ಲಿ ಒಂದು ಕಟ್ಟು ಹಾಗೇ ಇತ್ತು."

ಮುಂಡಪ್ಪ ಎಂಬ ಆ ಮನುಷ್ಯನ ಫೋಟೋ ಕೆಳಗೆ ಗೋಡೆಯ ಮೇಲಿತ್ತು. ಎಲ್ಲರೂ ಅದನ್ನು ಎಷ್ಟೋ ಸಲ ನೋಡಿದ್ದರು.

"ಇನ್ನು ನಾನು ಕಟ್ಟುದಿಲ್ಲ," ಎಂದು ಸುಂದರಿಯಮ್ಮ ಗೆರಸೆ ಎತ್ತಿಕೊಂಡು ಎದ್ದರು. ಮೆಟ್ಟಿಲಲ್ಲಿ ತಿರುಗಿ, "ದೋಸೆ ತಿಂದೇ ಹೋಗಿ," ಎಂದರು. ಯಾರಿಗೂ ದೋಸೆ ಇಳಿಯಲಿಲ್ಲ. ಶಿವರಾಯರು ಮಾತ್ರ, ಬಿಟ್ಟರೆ ಅವರಿಗೆ ಇನ್ನೂ ನೋವಾದೀತೆಂದು ತಿಂದರು.

ಮರುವಾರ ಕಚೇರಿಯಲ್ಲಿ ಊಟದ ಹೊತ್ತಿಗೆ ಲತೀಶ್ ಸಂಗಮೇಶನ ಮೇಜಿನ ಬಳಿ ಬಂದು ಕೂತ. ಡ್ರಾಯರಿನಲ್ಲಿದ್ದದ್ದನ್ನೆಲ್ಲ ಎಸೆದು ಎರಡು ದಿನ ಸೇದದೆ ಇದ್ದನಂತೆ. ಮೂರನೆಯ ದಿನ ಆಗಲಿಲ್ಲ. "ಬಿಟ್ಟೆ ಅಂತ ಅಮ್ಮನಿಗೆ ಹೇಳ್ಲಿಕ್ಕೆ ಹೋಗಿದ್ದೆ. ಈಗ ಏನಂತ ಹೇಳುದು?"

ಸಂಗಮೇಶ ತುಂಬ ಹೊತ್ತು ಯೋಚಿಸಿದ. ದೊಡ್ಡವರಿಗೆ ಬುದ್ಧಿ ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. "ಬಾಯಿಲೆ ಹೇಳಬ್ಯಾಡ್ರಿ ಸರ್. ಸೇದಿದಾಗೊಮ್ಮೆ ಒಂದು ತುಂಡು ಕೆಂಪು ನೂಲಿಗೆ ಗಂಟು ಹಾಕಿ ಅಮ್ಮಾರ ಗೆರಸ್ಯಾಗ ಇಡ್ರಿ. ಮುಚ್ಚಿಟ್ಟದ್ದಕ್ಕ ಅವರಿಗೆ ನೋವಾಗೇದ. ಇದರಾಗ ಮುಚ್ಚೂದು ಇರಂಗಿಲ್ಲ."

ಅಂದು ಸಂಜೆ ಕೋಪರಖೈರಣೆಯ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಲತೀಶ್ ಕೆಂಪು ನೂಲಿನ ಉಂಡೆ ಕೊಂಡ. ಮೊದಲ ತಿಂಗಳು ಗೆರಸೆ ಕೆಂಪಗಾಗಿಬಿಟ್ಟಿತ್ತು. ಸುಂದರಿಯಮ್ಮ ಅದರಲ್ಲಿ ಒಮ್ಮೆ ಕೈಯಾಡಿಸಿದರು. ಮಗನಿಗೆ ಅನ್ನ ಬಡಿಸುವಾಗ ಇನ್ನೊಂದು ಸೌಟು ಸಾರು ಹಾಕಿದರು. ಆ ಸೌಟು ಸಾರು ಬೈಗುಳಕ್ಕಿಂತ ಕಷ್ಟವಾಗಿತ್ತು ಎಂದು ಲತೀಶ್ ಆಮೇಲೆ ಹೇಳಿದ.

ಫೆಬ್ರವರಿಯಲ್ಲಿ ಸಂಗಮೇಶ ಅವರನ್ನು ನೋಡಲು ಹೋದಾಗ, ಗೆಳೆಯರ ಜೊತೆ ಸೇದಿದ ಒಂದು ಸಿಗರೇಟಿಗಾಗಿ ತಾನೂ ಒಂದು ನೂಲನ್ನು ಸದ್ದಿಲ್ಲದೆ ಗೆರಸೆಯಲ್ಲಿ ಸೇರಿಸಿದ. ಸುಂದರಿಯಮ್ಮ ಎಂದಿನಂತೆ ಬೆರಳಾಡಿಸಿ ಒಂದನ್ನು ಎತ್ತಿ ಹಿಡಿದರು.

"ಇದು ಯಾರದ್ದು? ಗಂಟು ಬೇರೆ ಉಂಟು."

"ನಂದ್ರಿ ಅಮ್ಮಾರ."

"ಫೋನ್ ನಂಬರ್ ಕೊಡು ನಿನ್ನ ಅವ್ವಂದು."

ಅವನು ಮತ್ತೆ ಅಂಥ ನೂಲು ಇಡಬೇಕಾಗಿ ಬರಲಿಲ್ಲ.

ಲತೀಶನದು ಅಷ್ಟು ಸಲೀಸಾಗಿರಲಿಲ್ಲ. ನೂಲುಗಳು ಕಡಿಮೆಯಾದವು, ಕಚೇರಿಯಲ್ಲಿ ಕೆಲಸ ಹೆಚ್ಚಿದ ತಿಂಗಳು ಮತ್ತೆ ತುಂಬಿಕೊಂಡವು. ಒಮ್ಮೆ ನಾಲ್ಕು ತಿಂಗಳು ಗೆರಸೆ ಬರಿದಾಗಿದ್ದು, ಗಣೇಶ ಚೌತಿಯ ಮರುದಿನ ಮೂರು ನೂಲು ಕಾಣಿಸಿಕೊಂಡಿದ್ದವು. ಸುಂದರಿಯಮ್ಮ ಅವನ್ನು ಎಸೆಯದೆ ಒಂದಕ್ಕೊಂದು ಗಂಟು ಹಾಕಿ ಉಂಡೆ ಸುತ್ತುತ್ತಿದ್ದರು.

ಭಾನುವಾರದ ಕೂಟ ಮಾತ್ರ ನಿಂತುಹೋಗಿತ್ತು. ಅದನ್ನು ತಡೆಯಲಾರದವರು ಶಿವರಾಯರು. ಒಂದು ಮೊದಲ ಭಾನುವಾರ ಕರೆಯದೆಯೇ ಬಂದು ಬಾಗಿಲಲ್ಲಿ ನಿಂತರು. "ಅಕ್ಕಾರ, ನಾಲ್ಕು ವರ್ಷ ನಾಲಿಗಿ ಪಳಗಿಸಿ ಈಗ ಮನಿಯಾಗ ಕುಂಡ್ರು ಅಂದ್ರ ಹೆಂಗ? ಏನರ ಕಟ್ಟಿ ಕೊಡ್ರಿ. ಹುಲ್ಲು ಕೊಟ್ರೂ ನೋಡಿ ಹೇಳ್ತೀನಿ."

ಸುಂದರಿಯಮ್ಮನಿಗೆ ನಗು ತಡೆಯಲಿಲ್ಲ. ಒಳಗೆ ಹೋಗಿ ಡಬ್ಬಗಳನ್ನು ತಡಕಾಡಿದರು. ಕೊಲ್ಲಾಪುರದ ಅಚ್ಚುಬೆಲ್ಲ, ಊರಿನ ಓಲೆಬೆಲ್ಲ, ಸಂಗಮೇಶನ ಅವ್ವ ಕಳಿಸಿದ್ದ ಕಪ್ಪು ಬೆಲ್ಲ ಸಿಕ್ಕವು. ಮೂರು ಲೋಟ ಕಾಫಿ ಮಾಡಿ, ಒಂದೊಂದು ಲೋಟದ ಕಂಠಕ್ಕೆ ಒಂದೊಂದು ಬಣ್ಣದ ನೂಲು ಕಟ್ಟಿದರು. ಎರಡು ಸುತ್ತು, ಒಂದು ಎಳೆತ, ಗಂಟು. ಶಿವರಾಯರು ಮೂರನ್ನೂ ತಪ್ಪು ಹೇಳಿದರು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಈಗ 2017. ಲತೀಶ್ ಕೊನೆಯ ನೂಲು ಇಟ್ಟು ಎರಡು ವರ್ಷ ಕಳೆದಿದೆ. ಸುಂದರಿಯಮ್ಮ ಕೋಪರಖೈರಣೆಯ ಅದೇ ಮನೆಯಲ್ಲಿದ್ದಾರೆ. ಸಂಜೆ ಓಣಿಯ ಹೆಂಗಸರ ಜೊತೆ ಕೂತು ಆ ಕೆಂಪು ಉಂಡೆಯ ನೂಲಿನಲ್ಲಿ ಅಬ್ಬಲಿಗೆ ಹೂವಿನ ಮಾಲೆ ಕಟ್ಟುತ್ತಾರೆ. ತಿಂಗಳ ಮೊದಲ ಭಾನುವಾರ ಬೆಲ್ಲದ ಕಾಫಿಯ ಲೋಟಗಳಿಗೆ ಬೇರೆ ಬಣ್ಣದ ನೂಲು ಕಟ್ಟಿ ನಾಲ್ವರ ಮುಂದೆ ಇಡುತ್ತಾರೆ.