ದರ್ಜಿಯ ಬಾಯಲ್ಲಿದ್ದ ಗುಂಡುಸೂಜಿ

ತಗಡಿನ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷವಾದರೂ ಹೋಗಿಲ್ಲವಲ್ಲ! ಗುಂಡಿ ಹುಡುಕುತ್ತಿದ್ದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಸೊಸೆಗೆ ಆಡಬಾರದ ಮಾತು ಆಡಿದ್ದೆ. "ನಿನ್ನ ತಾಯಿ ಕಲಿಸಿದ್ದು ಇಷ್ಟೇ" ಅಂದಿದ್ದೆ, ಅದೂ ಆ ತಾಯಿ ತೀರಿಕೊಂಡು ವರ್ಷ ತುಂಬುವ ಮೊದಲು. ಅವಳು ಎದ್ದು ಒಳಗೆ ಹೋದಳು. ಕೈಗೆ ಏನಾದರೊಂದು ಕೆಲಸ ಬೇಕೆಂದು ನಾನು ಹೊಲಿಗೆಯ ಪೆಟ್ಟಿಗೆ ಎಳೆದುಕೊಂಡೆ. ಅದರ ತಳದಲ್ಲಿತ್ತು ಈ ಡಬ್ಬಿ, ತುಂಬ ಗುಂಡುಸೂಜಿ.

ಡಬ್ಬಿ ನಮ್ಮ ನೆರೆಮನೆಯ ದರ್ಜಿಯದ್ದು. ಅರವತ್ತರ ದಶಕದ ಮೊದಲ ವರ್ಷಗಳು. ನಾನು ಪುತ್ತಿಗೆಯ ಶಾಲೆಯಲ್ಲಿ ಟೀಚರಾಗಿ ಸೇರಿ, ಹತ್ತಿರದ ಮೂಡಬಿದ್ರೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಗೋಡೆಯ ಆಚೆ ದರ್ಜಿ, ಅವರ ಹೆಂಡತಿ, ಒಬ್ಬಳೇ ಮಗಳು. ನಾವೆಲ್ಲ ಒಂದೇ ಸಭೆಯವರು, ಭಾನುವಾರ ಒಟ್ಟಿಗೇ ಚರ್ಚಿಗೆ ನಡೆದು ಹೋಗುತ್ತಿದ್ದೆವು.

ದರ್ಜಿಯ ಕೈ ಬಂಗಾರ, ಬಾಯಿ ಮಾತ್ರ ಬೆಂಕಿ. ಸಿಟ್ಟು ಬಂದರೆ ಗಿರಾಕಿ, ಹೆಂಡತಿ, ಸಭೆಯ ಪಾದ್ರಿ ಅಯ್ಯನವರು ಅಂತ ನೋಡುತ್ತಿರಲಿಲ್ಲ. ಇಳಿದ ಮೇಲೆ ಮೆಷಿನ್ನಿಗೆ ತಲೆಯಾನಿಸಿ ಅಳುತ್ತಿದ್ದರು. ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ನನ್ನೊಳಗೆ ಒಬ್ಬ ಇದ್ದಾನೆ ಟೀಚರೇ," ಅಂತ ಒಮ್ಮೆ ಹೇಳಿದ್ದರು. "ನಾನು ಪ್ರಾರ್ಥನೆ ಮಾಡುವಾಗ ಅವನೂ ಮೊಣಕಾಲೂರ್ತಾನೆ. ನಾನು ಏಳುವ ಮೊದಲೇ ಎದ್ದು ಬೈಲಿಕ್ಕೆ ಶುರು ಮಾಡ್ತಾನೆ."

ಅವನನ್ನು ಅಡಗಿಸಲು ಅವರು ಕಂಡುಕೊಂಡ ಉಪಾಯವೇ ಗುಂಡುಸೂಜಿ. ಬಟ್ಟೆಗೆ ಗುರುತು ಮಾಡುವಾಗ ದರ್ಜಿಗಳು ಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದುಂಟಲ್ಲ, ಇವರು ಸಿಟ್ಟು ಏರುತ್ತಿದೆ ಅಂತ ಗೊತ್ತಾದ ಕೂಡಲೇ ನಾಲ್ಕು ಕಚ್ಚಿಕೊಳ್ಳುತ್ತಿದ್ದರು. ಬಾಯಿ ತೆರೆಯುವ ಹಾಗಿಲ್ಲ. ಗಿರಾಕಿ ಎಷ್ಟು ಕೂಗಾಡಿದರೂ ಬರೀ "ಹ್ಞೂಂ, ಹ್ಞೂಂ." ಇವತ್ತು ನಾಲ್ಕಾ, ಆರಾ ಅಂತ ನಾನು ಕೀಟಲೆ ಮಾಡುತ್ತಿದ್ದೆ. ಮೂರು ವರ್ಷ ಅವರ ಬಾಯಿಂದ ಒಂದು ಕೆಟ್ಟ ಮಾತು ಬರಲಿಲ್ಲ. ಗೆದ್ದೆ ಅಂತ ಅವರಿಗೂ ಅನ್ನಿಸಿತ್ತು, ಗೆದ್ದರು ಅಂತ ನಮಗೂ ಅನ್ನಿಸಿತ್ತು.

ಮಗಳನ್ನು ಸಭೆಯ ಪೂರ್ಣ ಸದಸ್ಯಳಾಗಿ ಸೇರಿಸಿಕೊಳ್ಳುವ ದೃಢೀಕರಣ ಬಂತು. ಆ ಭಾನುವಾರ ಅವಳು ಮೊದಲ ಸಲ ಪವಿತ್ರ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು. ವೇದಿಯ ಮುಂದೆ ತನ್ನ ಎರಡು ಬದಿಯಲ್ಲಿ ಅಪ್ಪ ಅಮ್ಮ ಮೊಣಕಾಲೂರಬೇಕೆಂದು ಅವಳಿಗೆ ಆಸೆ. ನಮ್ಮ ಅಯ್ಯನವರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಮೊದಲು ಕ್ಷಮೆ ಕೇಳಿ, ಆಮೇಲೆ ಮುಂದೆ ಬನ್ನಿ, ಆಗದಿದ್ದರೆ ಬೆಂಚಿನಲ್ಲೇ ಕೂತಿರಿ ಅಂತ ಪ್ರತಿ ಸಲ ಹೇಳುತ್ತಿದ್ದರು.

ಶನಿವಾರ ಮಧ್ಯಾಹ್ನ ಹೆಂಡತಿ ಮಗಳ ಬಿಳಿ ಫ್ರಾಕಿಗೆ ಇಸ್ತ್ರಿ ಹಾಕುತ್ತಿದ್ದರು. ಅವರ ಒಂದು ಕಣ್ಣಿಗೆ ಪೊರೆ ಬಂದಿತ್ತು. ಇಸ್ತ್ರಿ ಪೆಟ್ಟಿಗೆಯಿಂದ ಕೆಂಡದ ಚೂರು ಬಿದ್ದದ್ದು ಆ ಬದಿಯಲ್ಲಿ, ಪಾಪ, ಅವರಿಗೆ ಕಾಣಲಿಲ್ಲ. ಸುಟ್ಟ ವಾಸನೆಗೆ ನಾನೂ ಓಡಿ ಬಂದೆ. ಸೊಂಟದ ಹತ್ತಿರ ರೂಪಾಯಿಯಗಲ ತೂತು. ಸೂಜಿಯ ಡಬ್ಬಿ ದರ್ಜಿಯ ಕೈಗೆಟಕುವ ಹಾಗೆಯೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ.

"ಕುರುಡಿ!" ಅಂದರು.

ಅಯ್ಯೋ ದೇವರೇ... ಹೆಂಡತಿ ಇಸ್ತ್ರಿ ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟು ಒಲೆಯ ಹತ್ತಿರ ಹೋಗಿ ಕೂತರು. ಆಮೇಲೆ ದರ್ಜಿಗೆ ಸೂಜಿ ನೆನಪಾಯಿತು. ಮುಷ್ಟಿ ತುಂಬ ತೆಗೆದು ಕಚ್ಚಿಕೊಂಡರು. ಉಳಿದ ಬಟ್ಟೆ ಕತ್ತರಿಸಿ, ತೂತು ಮುಚ್ಚುವಂತೆ ಒಂದು ಜೇಬು ಹೊಲಿಯಲು ಕೂತರು. "ಅವರ ಹತ್ತಿರ ಒಂದು ಮಾತು ಹೇಳಿ ಮಾರಾಯ್ರೇ," ಅಂದೆ. ಅವರು ಬಾಯಿಯತ್ತ ಬೆರಳು ತೋರಿಸಿದರು.

ಭಾನುವಾರ ಚರ್ಚಿನಲ್ಲಿ ಭೋಜನಕ್ಕೆ ಮುಂದೆ ಹೋಗಲು ಎಲ್ಲರೂ ಎದ್ದರು. ಜೇಬಿನ ಫ್ರಾಕಿನ ಮಗಳು ಎದ್ದಳು, ಅವಳ ಅಮ್ಮ ಎದ್ದರು. ದರ್ಜಿ ಏಳಲಿಲ್ಲ. ತಲೆ ತಗ್ಗಿಸಿ ಬೆಂಚಿನಲ್ಲೇ ಕೂತರು. ಮಗಳು ಎರಡು ಸಲ ತಿರುಗಿ ನೋಡಿದಳು, ಅವಳ ಮುಖ ನೋಡಲಾಗಲಿಲ್ಲ ನನಗೆ. ಅಷ್ಟರಲ್ಲಿ ಹೆಂಡತಿ ಸಾಲು ಬಿಟ್ಟು ಹಿಂದೆ ಬಂದರು. ಬೆಂಚಿನ ತುದಿಯಲ್ಲಿ ನಿಂತು, "ಈರ್ ಬರಂದೆ ಯಾನ್ ಪೋಪುಜಿ," ಅಂದರು. ನೀವು ಬಾರದೆ ನಾನು ಹೋಗುವುದಿಲ್ಲ ಅಂತ.

ದರ್ಜಿ ಎದ್ದು ನಿಂತರು. ಇಡೀ ಸಭೆಗೆ ಕೇಳುವ ಹಾಗೆ, "ನಿನ್ನೆ ಇವಳನ್ನು ಕುರುಡಿ ಅಂದೆ. ಮೂರು ವರ್ಷ ಬಾಯಿ ಮುಚ್ಚಿದ್ದೆ, ಮನಸ್ಸು ಹಾಗೇ ಇತ್ತು. ತಪ್ಪಾಯ್ತು," ಅಂದರು. ಹೆಂಡತಿ ಅವರ ಕೈ ಹಿಡಿದರು. ಮೂವರೂ ಒಟ್ಟಿಗೆ ಮೊಣಕಾಲೂರಿದರು, ನಾನು ಹಿಂದಿನಿಂದ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ.

ಆಮೇಲೆ ಸಿಟ್ಟು ಅವರನ್ನು ಬಿಟ್ಟು ಹೋಯಿತೆಂದು ತಿಳಿಯಬೇಡಿ. ಬರುತ್ತಿತ್ತು, ಒಮ್ಮೊಮ್ಮೆ ಮಾತೂ ಜಾರುತ್ತಿತ್ತು. ಆದರೆ ದೀಪ ಹಚ್ಚುವುದರೊಳಗೆ ಹೋಗಿ ಕ್ಷಮೆ ಕೇಳಿ ಬರುತ್ತಿದ್ದರು, ನಗುತ್ತಾ. ಸೂಜಿ ಬಟ್ಟೆಗೆ ಮಾತ್ರ. ಏಕೆಂದು ಕೇಳಿದ್ದಕ್ಕೆ ಹೇಳಿದರು, "ಸೂಜಿ ಕಚ್ಚಿಕೊಂಡು ತಪ್ಪಾಯ್ತು ಅಂತ ಹೇಳ್ಲಿಕ್ಕೆ ಆಗುವುದಿಲ್ಲ ಟೀಚರೇ. ಒಳಗಿನವನನ್ನು ಸೋಲಿಸ್ಲಿಕ್ಕೆ ನನಗಿಂತ ದೊಡ್ಡವನೊಬ್ಬ ಇದ್ದಾನೆ. ನಾನು ಬಿದ್ದಲ್ಲಿಂದ ಏಳ್ತೇನೆ, ಅಷ್ಟೇ." ಅಷ್ಟು ಧೈರ್ಯವಾಗಿ ಹೇಳಿದರು, ನಾನೂ ನಂಬಿದೆ. ಈಗಲೂ ನಂಬುತ್ತೇನೆ.

ದರ್ಜಿ ತೀರಿಹೋದ ಮೇಲೆ ಅವರ ಹೆಂಡತಿ ಈ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಈಗ ಆಕೆಯೂ ಇಲ್ಲ. ಗೋಡೆಯ ಆಚೆಯಿಂದ ಆ ಮೆಷಿನ್ನಿನ ಸದ್ದು ಇನ್ನೊಮ್ಮೆ ಕೇಳಿದ್ದರೆ... ಎಷ್ಟೋ ಸಲ ಹಾಗೆ ಅನ್ನಿಸುತ್ತದೆ.

ನಾಲಿಗೆಗೆ ತುಕ್ಕಿನ ರುಚಿ ಹತ್ತಿತು. ನೋಡುತ್ತೇನೆ, ಯಾವಾಗಲೋ ನಾನೇ ಎರಡು ಗುಂಡುಸೂಜಿ ಕಚ್ಚಿಕೊಂಡು ಕೂತಿದ್ದೇನೆ. ಸಾಕು ನಿನ್ನ ವೇಷ ಅಂತ ನನಗೆ ನಾನೇ ಬೈದುಕೊಂಡು, ಅವನ್ನು ತೆಗೆದು ಡಬ್ಬಿಗೆ ಹಾಕಿದೆ.

ಅಡುಗೆಮನೆಯಲ್ಲಿ ಸೊಸೆ ಬೆನ್ನು ಹಾಕಿ ಅಕ್ಕಿ ಆರಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಬಾಯಿ ತೆರೆದೆ.

"ನಿನ್ನ ತಾಯಿಯ ಬಗ್ಗೆ ನಾನು ಹೇಳಿದ್ದು ತಪ್ಪಾಯ್ತು ಮಗಾ."