ಗಿರಿಯಮ್ಮನ ಬಲಗಣ್ಣು

ಹಿರೇಗುಂಟನೂರಿನ ಗಿರಿಯಮ್ಮ ಕಂಬಳಿ ನೇಯುತ್ತಿದ್ದರು. ಮಗ್ಗಕ್ಕೆ ಕಟ್ಟಿದ ಕರಿ ಉಣ್ಣೆಯ ಹಾಸಿನಲ್ಲಿ ಒಂದು ಎಳೆ ಕಡಿದರೆ ಬೇರೆಯವರು ಬೆರಳಾಡಿಸಿ ಹುಡುಕಬೇಕು. ಇವರು ಕುಳಿತಲ್ಲಿಂದಲೇ ನೋಡಿ ಗಂಟು ಹಾಕುತ್ತಿದ್ದರು. ಗಂಡ ಚಿತ್ತಪ್ಪ ತೀರಿಕೊಂಡ ಮೇಲೆ ಮಗಳು ಕಾವ್ಯಶ್ರೀಯನ್ನು ದುರ್ಗದ ಕಾಲೇಜಿಗೆ ಸೇರಿಸಿ ಪಿಯುಸಿ ವಿಜ್ಞಾನ ಓದಿಸಿದ್ದು ಆ ಕಣ್ಣುಗಳ ಬಲದಿಂದಲೇ.

ಹೋದ ವರ್ಷ ಕುರಿಗಳಿಗೆ ಮೆಕ್ಕೆಜೋಳದ ಸೊಪ್ಪೆ ಹೊತ್ತು ತರುವಾಗ ಒಣಗರಿಯೊಂದು ಬಲಗಣ್ಣಿಗೆ ಗೀರಿತು. ಕಣ್ಣು ಕೆಂಪಾಗಿ ನೀರು ಸುರಿಯಿತು. ಕಾವ್ಯಶ್ರೀ ಕಾಲೇಜಿನಿಂದ ಬರುವಾಗ ಔಷಧಿ ಅಂಗಡಿಯಲ್ಲಿ ಕೇಳಿದಳು.

"ಕೆಂಗಣ್ಣಾ? ಇದನ್ನ ಹಾಕು, ಬ್ಯಾಕ್ಟೀರಿಯಾ ಎಲ್ಲಾ ಸಾಯ್ತವೆ," ಎಂದು ಅಂಗಡಿಯವನು ಒಂದು ಬಾಟಲಿ ಕೊಟ್ಟ.

ಆಗ ಅವಳಿಗೆ ಜೀವಶಾಸ್ತ್ರದ ಪರೀಕ್ಷೆ ಹತ್ತಿರವಿತ್ತು. ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹನಿ ಬಿಡುತ್ತ ಬಾಯಿಪಾಠ ಮಾಡುತ್ತಿದ್ದಳು.

"ಪ್ರೊಕ್ಯಾರಿಯೋಟ್ ಜೀವಕೋಶದಾಗೆ ಕೋಶಕೇಂದ್ರ ಇರಲ್ಲ. ಉದಾಹರಣೆ, ಬ್ಯಾಕ್ಟೀರಿಯಾ. ಯೂಕ್ಯಾರಿಯೋಟ್ ಜೀವಕೋಶದಾಗೆ ಕೋಶಕೇಂದ್ರ ಐತೆ. ಉದಾಹರಣೆ, ಗಿಡ, ಪ್ರಾಣಿ, ಶಿಲೀಂಧ್ರ."

"ಶಿಲೀಂಧ್ರ ಅಂದ್ರೆ ಏನೇ?"

"ಬೂಷ್ಟು ಕಣವ್ವ. ಹಳೇ ರೊಟ್ಟಿ ಮ್ಯಾಲೆ ಬರ್ತೈತಲ್ಲ, ಅದು."

"ಅದೂ ನಾವೂ ಒಂದೇ ಪೈಕಿನಾ? ಒಳ್ಳೇ ನೆಂಟರನ್ನೇ ಹುಡುಕ್ಯಾರೆ."

"ನಗಬ್ಯಾಡ, ಹನಿ ಆಚೆ ಬೀಳ್ತೈತೆ."

ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಅವಳಿಗೆ ಪೂರ್ತಿ ಅಂಕ ಬಂತು. ಅಷ್ಟರಲ್ಲಿ ತಾಯಿಯ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಎದ್ದಿತ್ತು. ಪಕ್ಕದ ಮನೆಯಲ್ಲಿ ಕಂಬಳಿ ನೇಯುವ ಕಾಳಕ್ಕ ನೋಡಿ, "ಕಣ್ಣಾಗೆ ಹೂ ಬೀಳ್ತಾ ಐತೆ ಕಣೇ ಗಿರಿ. ಏಳು, ದುರ್ಗಕ್ಕೆ ಹೋಗಾಣ," ಎಂದು ಎಬ್ಬಿಸಿದರು.

ಕಣ್ಣಿನ ಡಾಕ್ಟರು ಚುಕ್ಕೆಯಿಂದ ಚೂರು ಕೆರೆದು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು.

"ಇದು ಬ್ಯಾಕ್ಟೀರಿಯಾ ಅಲ್ಲಮ್ಮ, ಬೂಷ್ಟು. ಗರಿ ಗೀರಿದಾಗ ಒಳಗೆ ಹೋಗಿದೆ. ನೀವು ಹಾಕಿದ ಔಷಧಿ ಬ್ಯಾಕ್ಟೀರಿಯಾದ ಜೀವಕೋಶಕ್ಕೆ ಮಾತ್ರ ಪೆಟ್ಟು ಕೊಡುತ್ತೆ. ಬೂಷ್ಟಿನ ಜೀವಕೋಶದ ಕಟ್ಟೋಣವೇ ಬೇರೆ, ಹೆಚ್ಚುಕಮ್ಮಿ ನಮ್ಮದರ ಹಾಗೆ. ಅದಕ್ಕೆ ಈ ಔಷಧಿ ತಾಗಲ್ಲ."

"ಅವೆರಡೂ ಬೇರೆ ಅಂತ ನನಗೆ ಗೊತ್ತಿತ್ತು ಸರ್," ಎಂದಳು ಕಾವ್ಯಶ್ರೀ.

"ಗೊತ್ತಿದ್ದೂ ಯಾಕೆ ಹಾಕಿದ್ರಿ?" ಡಾಕ್ಟರು ಕೈ ತೊಳೆಯುತ್ತಲೇ ಕೇಳಿದರು.

ಬೇರೆ ಔಷಧಿ ತಿಂಗಳುಗಟ್ಟಲೆ ನಡೆಯಿತು. ನೋವು ಹೋಯಿತು, ಬಿಳಿ ಕಲೆ ಉಳಿಯಿತು. ಬಲಗಣ್ಣಿಗೆ ಈಗ ಬೆಳಕು ಮಾತ್ರ ತಿಳಿಯುತ್ತದೆ. ಎಡಗಣ್ಣು ಚೆನ್ನಾಗಿದೆ, ಆದರೆ ಒಂದೇ ಕಣ್ಣಿಗೆ ಎಳೆ ಎಷ್ಟು ದೂರದಲ್ಲಿದೆ ಎಂಬುದು ಸಿಗುವುದಿಲ್ಲ. ಕೈ ಹೋಗಿ ಪಕ್ಕದ ಎಳೆಯನ್ನು ಹಿಡಿಯುತ್ತದೆ. ಗಿರಿಯಮ್ಮ ಮಗ್ಗ ಬಿಟ್ಟು ಕಾಳಕ್ಕನ ಮನೆಗೆ ಕೂಲಿಗೆ ಉಣ್ಣೆ ಹಿಂಜಲು ಕುಳಿತರು. ದೇವರು ಬರೆದದ್ದು ಎಂದು ಬೀದಿಯವರು ಸುಮ್ಮನಾದರು. ದೇವರ ಮೇಲೆ ಹೊರಿಸಿದರೆ ಆತ ಬಂದು ಇಲ್ಲ ಅನ್ನುವುದಿಲ್ಲ.

ಈ ವರ್ಷ ಕಾಳಕ್ಕನ ಕಣ್ಣು ಕೆಂಪಾಯಿತು. ಕಾವ್ಯಶ್ರೀ ಓಡಿಹೋಗಿ, "ದೊಡ್ಡವ್ವ, ಅಂಗಡಿ ಔಷಧಿ ಬ್ಯಾಡ. ಬ್ಯಾಕ್ಟೀರಿಯಾನೋ ಬೂಷ್ಟೋ, ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ ಕೆಂಪು. ದುರ್ಗಕ್ಕೆ ಹೋಗಾಣ," ಎಂದು ಬೇಡಿಕೊಂಡಳು.

"ಆಯ್ತು ಬಿಡು ಡಾಕ್ಟ್ರಮ್ಮ," ಎಂದ ಕಾಳಕ್ಕ ಅದೇ ಅಂಗಡಿಯಿಂದ ಅದೇ ಔಷಧಿ ತರಿಸಿಕೊಂಡರು. ನಾಲ್ಕೇ ದಿನದಲ್ಲಿ ಕಣ್ಣು ತೊಳೆದಿಟ್ಟಂತಾಯಿತು. ಉಣ್ಣೆ ಹಿಂಜುತ್ತಿದ್ದ ಗಿರಿಯಮ್ಮನ ಮುಂದೆ ಬಂದು ರೆಪ್ಪೆ ಅಗಲಿಸಿ ತೋರಿಸಿದರು.

"ನೋಡೇ ಗಿರಿ, ಅದೇ ಬಾಟ್ಲಿ. ಔಷಧಿದೇನೂ ತಪ್ಪಿಲ್ಲ, ನಿನ್ನ ಹಣೇಬರ."

ತಾಯಿಯನ್ನು ಊಟಕ್ಕೆ ಕರೆಯಲು ಬಂದಿದ್ದ ಕಾವ್ಯಶ್ರೀ ಬಾಗಿಲಲ್ಲೇ ನಿಂತಳು. "ಹಣೇಬರ ಅಲ್ಲ ದೊಡ್ಡವ್ವ. ನಿಂಗೆ ಆಗಿದ್ದು ಬ್ಯಾಕ್ಟೀರಿಯಾದಿಂದ. ಅವ್ವಂಗೆ..."

"ಅಷ್ಟು ತಿಳಿದಾಕಿ ಆವತ್ತು ನಿಮ್ಮವ್ವಂಗೆ ಯಾಕೆ ಹೇಳ್ಲಿಲ್ಲ?"



"ಹೇಳಿದ್ಲು ಕಾಳಕ್ಕ," ಎಂದರು ಗಿರಿಯಮ್ಮ, ತಲೆ ಎತ್ತದೆ. "ಹನಿ ಹಾಕ್ತಾ ಹಾಕ್ತಾನೇ ಹೇಳಿದ್ಲು."