ಭೋಜದ ಫೋಟೋ ಇಳಿಯದ ರವಿವಾರ

ನಾನು ಸೊಸೆಯಾಗಿ ಕರೋಶಿಗೆ ಬಂದಾಗಲೇ ಮನೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅದು ಮಾವನವರದು. ಡ್ರಿಲ್ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಅವರು ಅದರಲ್ಲಿ ಜಾತಕದ ಸಾಫ್ಟ್‌ವೇರ್ ಹಾಕಿಸಿಕೊಂಡು, ಬಂದವರಿಗೆಲ್ಲ ಪುಕ್ಕಟೆ ಭವಿಷ್ಯ ಹೇಳುತ್ತಿದ್ದರು. ನಾನು ಚಿಕ್ಕೋಡಿಯ ಒಂದು ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದುದರಿಂದ, ಕಂಪ್ಯೂಟರ್ ಕೆಟ್ಟರೆ ನೋಡಬೇಕಾದವಳು ನಾನೇ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಎರಡು ಸಾವಿರದ ಹದಿನೈದರ ಸುಮಾರಿಗೆ ಭೋಜ ಎಂಬ ಊರಲ್ಲಿ ಅತ್ತೆಯ ತಂಗಿಯ ಮೊಮ್ಮಗಳ ತೊಟ್ಟಿಲ ಕಾರ್ಯಕ್ರಮವಾಯಿತು. ಅತ್ತೆ ಹೊಸ ಇಳಕಲ್ ಸೀರೆ ಉಟ್ಟು ಹೋಗಿ, ಕ್ಯಾಮೆರಾ ತಿರುಗಿದ ಕಡೆಗೆಲ್ಲ ತಾವೂ ತಿರುಗಿದ್ದರು. ಫೋಟೋದವನು ಎಲ್ಲವನ್ನೂ ಒಂದೇ ಫೈಲು ಮಾಡಿ ಇಂಟರ್ನೆಟ್ಟಿಗೆ ಹಾಕಿ ಲಿಂಕ್ ಕಳಿಸಿದ. ರವಿವಾರ ಊಟವಾದ ಮೇಲೆ ಅತ್ತೆ ಪಕ್ಕದ ಮನೆಯ ಗಂಡಹೆಂಡತಿಯನ್ನು ಕರೆತಂದು ಕಂಪ್ಯೂಟರಿನ ಮುಂದೆ ಜಮಖಾನೆ ಹಾಸಿದರು.

ಲಿಂಕ್ ಒತ್ತಿದೆ. ಫೋಟೋ ಇಳಿಯಲಿಲ್ಲ. ಈ ಸಂಪರ್ಕ ಸುರಕ್ಷಿತವಲ್ಲ, ಕಳ್ಳರು ನಿಮ್ಮ ಮಾಹಿತಿ ಕದಿಯಬಹುದು ಎಂದು ಇಂಗ್ಲಿಷಿನಲ್ಲಿ ಎಚ್ಚರಿಕೆ ಬಂತು. ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳಿದೆ.

"ಕಳ್ಳರಂತ? ಹಿತ್ತಲ ಬಾಗಲಾ ತೆರದೈತಿ, ತಡಿ," ಎಂದು ಅವರು ಎದ್ದು ಹೋಗಿ ಚಿಲಕ ಹಾಕಿ ಬಂದರು. "ಹೂಂ, ಈಗ ಒತ್ತವಾ."

ಮತ್ತೆ ಅದೇ ಎಚ್ಚರಿಕೆ. ಪಕ್ಕದ ಮನೆಯಾಕೆ ಮುಂಬಾಗಿಲನ್ನೂ ಹಾಕಿದಳು. ಧಗೆಯಲ್ಲಿ ಬೆವರುತ್ತ ನಾನು ಬೇರೆ ಬ್ರೌಸರ್ ತೆರೆದು ನೋಡಿದೆ, ಆಂಟಿವೈರಸ್ ಬಂದ್ ಮಾಡಿದೆ, ಸಿಗ್ನಲ್ ಸಿಗಲೆಂದು ಇಂಟರ್ನೆಟ್ಟಿನ ಡಾಂಗಲ್ಲನ್ನು ಕಿಟಕಿಯ ಸರಳಿಗೆ ಕಟ್ಟಿದೆ. ಏನೂ ಆಗಲಿಲ್ಲ. ಕಡೆಗೆ ನಿಪ್ಪಾಣಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಮೈದುನನಿಗೆ ಫೋನ್ ಮಾಡಿದೆ.

"ವೈನಿ, ಬ್ಯಾರೆ ಸೈಟ್ ತೆರೀತಾವೇನ್ರಿ?"

"ಕೆಲವು ತೆರೀತಾವ. ಬೀಗದ ಚಿತ್ರ ಇದ್ದವು ಮಾತ್ರ ಒಂದೂ ತೆರಿಯಾಂಗಿಲ್ಲ."

"ಕಂಪ್ಯೂಟರಿನ ಗಡಿಯಾರ ಬರೋಬ್ಬರಿ ಐತೇನು?"

"ಐತಿ. ಮೂರೂವರಿ."

"ಟೈಮ್ ಅಲ್ರಿ, ತಾರೀಖ ನೋಡ್ರಿ. ವರ್ಷಾನೂ ನೋಡ್ರಿ."

ನೋಡಿದರೆ ನಮ್ಮ ಕಂಪ್ಯೂಟರ್ ಎರಡು ವರ್ಷ ಹಿಂದೆ ಉಳಿದಿತ್ತು.

"ಅದs ಮತ್ತ," ಎಂದ ಮೈದುನ. "ಆ ಸೈಟಿಗೆ ಒಂದ್ ಸರ್ಟಿಫಿಕೇಟ್ ಇರತೈತ್ರಿ, ಇಂಥಾ ದಿನದಿಂದ ಇಂಥಾ ದಿನದ ತನಕ ನಡೀತೈತಿ ಅಂತ. ನಿಮ್ಮ ಕಂಪ್ಯೂಟರಿನ ಲೆಕ್ಕದಾಗ ಅದು ಇನ್ನೂ ಹುಟ್ಟಿಲ್ಲ."

ಆ ಲೆಕ್ಕಕ್ಕೆ ಭೋಜದ ಕೂಸೂ ಹುಟ್ಟಿರಲಿಲ್ಲ. ತಾರೀಖು ಬದಲಿಸಲು ಮೌಸ್ ಹಿಡಿದೆ. ಅಷ್ಟರಲ್ಲಿ ಮಂಚದ ಮೇಲೆ ಮಲಗಿದ್ದ ಮಾವನವರು ಧಡಕ್ಕನೆ ಎದ್ದು ಕೂತರು.

"ತಾರೀಖ ಮುಟ್ಟಬ್ಯಾಡ ತಂಗಿ."

"ಯಾಕ್ರಿ ಮಾವಾರ?"

ಅವರು ಸ್ವಲ್ಪ ಹೊತ್ತು ಪಂಚೆ ಸರಿಮಾಡಿಕೊಂಡರು. ಆಮೇಲೆ ಹೇಳಿದರು. ಜಾತಕದ ಸಾಫ್ಟ್‌ವೇರ್ ಪುಕ್ಕಟೆ ನಡೆಯುವುದು ಒಂದು ತಿಂಗಳು ಮಾತ್ರ. ತಿಂಗಳು ಮುಗಿಯುತ್ತ ಬಂದಂತೆ ಅವರು ತಾರೀಖನ್ನು ಮತ್ತೆ ಅದರ ಮೊದಲ ದಿನಕ್ಕೆ ಒಯ್ಯುತ್ತಿದ್ದರು. ಎರಡು ವರ್ಷದಿಂದ ಆ ಪೆಟ್ಟಿಗೆಯೊಳಗೆ ಒಂದೇ ತಿಂಗಳು ನಡೆಯುತ್ತಿತ್ತು.

ಪಕ್ಕದ ಮನೆಯ ಯಜಮಾನರು ಜಮಖಾನೆಯ ಮೇಲಿಂದಲೇ ಅಂದರು, "ಅದಕ್ಕs ಮಾಸ್ತರ, ಈ ವರ್ಷ ಎಮ್ಮಿ ಬರತೈತಿ ಅಂದ್ರಿ. ಅಷ್ಟರಾಗ ಆ ಎಮ್ಮಿ ಬಂದು, ಈದು, ಮಾರಿನೂ ಆಗಿತ್ತು."

"ಬಂದಿತ್ತೋ ಇಲ್ಲೋ?" ಎಂದರು ಮಾವನವರು.

"ಬಂದಿತ್ತರಿ."

"ಮತ್ತ?"

ಅತ್ತೆಯ ತಾಳ್ಮೆ ಮುಗಿದಿತ್ತು. "ನಿಮ್ಮ ಭವಿಷ್ಯ ಆಮ್ಯಾಲ ನೋಡೂಣು. ಮೊದಲ ನನ್ನ ಸೀರಿ ನೋಡೂದೈತಿ," ಎಂದರು.

ತಾರೀಖು ಸರಿಮಾಡಿದೆ. ಎಚ್ಚರಿಕೆ ಮಾಯವಾಗಿ ಫೈಲು ಮೆಲ್ಲಗೆ ಇಳಿಯತೊಡಗಿತು. ಮಾವನವರು ತಡೆಯಲಾರದೆ ನಡುವೆ ಒಮ್ಮೆ ತಮ್ಮ ಸಾಫ್ಟ್‌ವೇರ್ ತೆರೆದು ನೋಡಿದರು. ಅವಧಿ ಮುಗಿದಿದೆ ಎಂದು ಹೇಳಿ ಅದು ಮುಚ್ಚಿಕೊಂಡಿತು. ಮತ್ತೆ ಹಳೇ ತಾರೀಖಿಗೆ ಒಯ್ದರೂ ಏಳಲಿಲ್ಲ. ಒಮ್ಮೆ ನಿಜ ಗೊತ್ತಾದ ಮೇಲೆ ಅದಕ್ಕೆ ಮೋಸ ಮಾಡುವುದು ಸಾಧ್ಯವಿರಲಿಲ್ಲ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ಮತ್ತೆ ತಾರೀಖು ತಿದ್ದಿ ಇಳಿಸುವುದನ್ನು ಮುಂದುವರಿಸಿದೆ.

ಚಹಾದ ಹೊತ್ತಿಗೆ ಫೋಟೋ ಬಂದವು. ಎಲ್ಲದರಲ್ಲೂ ಅತ್ತೆ ಇದ್ದರು, ಬಹುತೇಕ ಎಲ್ಲದರಲ್ಲೂ ಅವರ ಕಣ್ಣು ಮುಚ್ಚಿದ್ದವು. ಒಂದರಲ್ಲಂತೂ ಬಾಯಿ ತುಂಬ ಜಿಲೇಬಿ. ಪಕ್ಕದ ಮನೆಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತೆ ಮಾತ್ರ ಗಂಭೀರವಾಗಿ ಎರಡೆರಡು ಸಲ ನೋಡಿ ಒಂದನ್ನು ಆರಿಸಿ, ಚಿಕ್ಕೋಡಿಯಲ್ಲಿ ದೊಡ್ಡದು ಮಾಡಿಸಿ ತಾ ಎಂದರು. ಅದರಲ್ಲಿ ಕೂಸಿನ ಅಜ್ಜನ ರುಮಾಲು ಅಡ್ಡ ಬಂದು ಅವರ ಮುಖವೇ ಕಾಣುವುದಿಲ್ಲ. ಸೆರಗು ಪೂರ್ತಿ ಕಾಣುತ್ತದೆ.